ಕಲ್ಲುಮನೆಯ ಮಹಡಿಯಲ್ಲಿ ಕನ್ನಡದ ದನಿ

ದೆವ್ವ, ಗಾಳಿ, ಶಕುನ ಎಂಬ ಮಾತು ಬಂದರೆ ನಗುತ್ತಿದ್ದವಳು ನಾನು. ಅದೂ ಮನಸ್ಸಿನೊಳಗೆ ನಗುವವಳಲ್ಲ, ಎದುರಿಗೇ ನಗುವವಳು. ಒಮ್ಮೆ ನಮ್ಮ ಪಕ್ಕದ ಊರು ಸುವಾನಿಯಲ್ಲಿದ್ದ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆವು. ಅವಳ ಗರಾಜ್ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ ಎಂದು ಬಂದವರೆಲ್ಲ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ನಾನು ಎದ್ದು ಪಕ್ಕದ ಮನೆಯವರನ್ನು ಕೇಳಿ, ಅವರ ರಿಮೋಟ್ ತಂದು ಒತ್ತಿದೆ. ಇವರ ಬಾಗಿಲು ತೆರೆಯಿತು. ಎಲ್ಲರೂ ನಕ್ಕರು, ಗೆಳತಿಯೊಬ್ಬಳನ್ನು ಬಿಟ್ಟು. ಅವಳು ಆಗಲೇ ಹೋಮಕ್ಕೆ ಪುರೋಹಿತರನ್ನು ಗೊತ್ತು ಮಾಡಿದ್ದಳು.

ನಾನು ರಕ್ತಪರೀಕ್ಷೆಯ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಫಲಿತಾಂಶ ವಿಚಿತ್ರವಾಗಿ ಬಂದರೆ ನಾವು ಗಾಬರಿಯಾಗುವುದಿಲ್ಲ, ಇನ್ನೊಮ್ಮೆ ಪರೀಕ್ಷೆ ಮಾಡುತ್ತೇವೆ. ಮನಸ್ಸಿಗೂ ಅದೇ ಅಭ್ಯಾಸವಾಗಿಬಿಟ್ಟಿದೆ. ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಗುತ್ತಿದ್ದೆ.

ಕೋವಿಡ್‌ನ ಎರಡನೆಯ ಅಲೆಯಲ್ಲಿ ನನ್ನ ಅತ್ತೆ ಮೈಸೂರಿನಲ್ಲಿ ತೀರಿಕೊಂಡರು. ಅಲ್ಲೇ ಇದ್ದ ಭಾವನವರು ಕ್ರಿಯಾಕರ್ಮಗಳನ್ನು ಮಾಡಿದರು. ಅಮೆರಿಕದ ಜಾರ್ಜಿಯಾ ರಾಜ್ಯದ ಕಮ್ಮಿಂಗ್‌ನಲ್ಲಿದ್ದ ನನ್ನ ಗಂಡ ಪ್ರಸಾದ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾಕ್ಟರಾಗಿದ್ದ ಅವರ ತಂಗಿ ರೋಹಿಣಿ, ಇಬ್ಬರೂ ಅದನ್ನು ಫೋನಿನ ಪರದೆಯಲ್ಲಿ ನೋಡಿದರು. ನಡುವೆ ಒಂದು ಸಲ ನೆಟ್‌ವರ್ಕ್ ಹೋಯಿತು. ಮತ್ತೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪ್ರಸಾದ್ ಆ ದಿನ ಅಳಲಿಲ್ಲ. ಲ್ಯಾಪ್‌ಟಾಪ್ ತೆರೆದು ಕೆಲಸಕ್ಕೆ ಕೂತರು. ಆಮೇಲೂ ಅತ್ತದ್ದನ್ನು ನಾನು ನೋಡಲಿಲ್ಲ.

ಮರುವರ್ಷ ವಿಮಾನಗಳು ಸರಾಗವಾದ ಮೇಲೆ, ವರ್ಷಾಬ್ದಿಕಕ್ಕೆ ಮೈಸೂರಿಗೆ ಹೋಗುವುದೆಂದು ನಿಶ್ಚಯವಾಯಿತು. ದಾರಿಯಲ್ಲಿ ಇಂಗ್ಲೆಂಡಿನಲ್ಲಿ ಇಳಿದು, ಒಂದು ವಾರಾಂತ್ಯ ಎಲ್ಲರೂ ಒಟ್ಟಿಗಿರೋಣ ಎಂದು ಹೇಳಿದವಳು ರೋಹಿಣಿ. ತನ್ನ ಮನೆಯಲ್ಲಿ ಬೇಡ, ಅಲ್ಲಿದ್ದರೆ ಆಸ್ಪತ್ರೆಯ ಫೋನ್ ಬರುತ್ತಲೇ ಇರುತ್ತದೆ ಎಂದಳು. ಅವಳ ಮನಸ್ಸಿನಲ್ಲಿ ಒಂದು ಹಳ್ಳಿ ಇತ್ತು. ಕೋವಿಡ್ ಡ್ಯೂಟಿಯಲ್ಲಿ ಸೋತು ಸುಣ್ಣವಾದ ದಿನಗಳಲ್ಲಿ ರಜೆ ಸಿಕ್ಕಾಗಲೆಲ್ಲ ಕಾರು ತೆಗೆದುಕೊಂಡು ಅಲ್ಲಿಗೆ ಹೋಗಿ ಹೊಳೆಯ ದಂಡೆಯಲ್ಲಿ ನಡೆಯುತ್ತಿದ್ದಳಂತೆ. ಜೇನಿನ ಬಣ್ಣದ ಕಲ್ಲಿನ ಮನೆಗಳು, ಪಾಳುಬಿದ್ದ ಒಂದು ಹಳೆಯ ಕ್ರೈಸ್ತ ಮಠ, ನಾನೂರು ವರ್ಷದ ಸೇತುವೆ. ಹೊಳೆಯ ತಿರುವಿನಲ್ಲಿ ಎರಡು ಅಂತಸ್ತಿನ ಒಂದು ಪುಟ್ಟ ಕಾಟೇಜ್. ಹೊರಗಿನಿಂದ ಅದನ್ನು ನೋಡಿದಾಗಲೆಲ್ಲ, ಅಣ್ಣ ಬಂದರೆ ಇಲ್ಲೇ ಉಳಿಯಬೇಕು ಅಂದುಕೊಳ್ಳುತ್ತಿದ್ದಳಂತೆ. ಅದು ಬಾಡಿಗೆಗೆ ಸಿಗುತ್ತದೆ ಎಂದು ತಿಳಿದ ದಿನ ಅವಳು ಫೋನಿನಲ್ಲಿ ಮಗುವಿನ ಹಾಗೆ ಮಾತಾಡಿದಳು.

ನಮ್ಮ ಮನೆಯಲ್ಲೂ ಬಹಳ ದಿನಗಳ ಮೇಲೆ ಒಂದು ಉತ್ಸಾಹ ಬಂತು. ಹನ್ನೆರಡು ವರ್ಷದ ಮಗಳು ಮೇಘನಾಗೆ ಆ ಹಳ್ಳಿಯ ಹತ್ತಿರದ ಕೋಟೆ ನೋಡಬೇಕಿತ್ತು. ಪ್ರಸಾದ್ ಊಟದ ಹೊತ್ತಿನಲ್ಲಿ ಮ್ಯಾಪ್ ತೆರೆದು, ಇಲ್ಲಿಂದ ಮಠಕ್ಕೆ ನಡೆದೇ ಹೋಗಬಹುದು, ಇಲ್ಲಿ ಟೀ ಕುಡಿಯಬಹುದು ಎಂದು ತೋರಿಸುತ್ತಿದ್ದರು. ನನ್ನ ಚಿಂತೆ ಒಲೆಯದು. ಎರಡು ಮೂರು ದಿನ ಬ್ರೆಡ್ ತಿಂದುಕೊಂಡಿರಲು ನನ್ನಿಂದ ಆಗದು. ಅಡುಗೆಮನೆಯಲ್ಲಿ ಏನಿದೆ ಎಂದು ಮೆಸೇಜ್ ಮಾಡಿ ಕೇಳಿದಾಗ ಮನೆಯೊಡತಿ, ಬೇಕಾದರೆ ಶನಿವಾರ ವಿಡಿಯೋ ಕಾಲ್ ಮಾಡಿ, ಮನೆಯನ್ನೆಲ್ಲ ತೋರಿಸುತ್ತೇನೆ ಎಂದರು. ಅರವತ್ತರ ಆಸುಪಾಸಿನ, ಮಾತಿನಲ್ಲಿ ಅಕ್ಕರೆ ಇದ್ದ ಹೆಂಗಸು. ಅವರ ಹೆಸರನ್ನಾಗಲಿ ಹಳ್ಳಿಯ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಅವರು ನಮಗೇನೂ ಕೆಡುಕು ಮಾಡಲಿಲ್ಲ, ಅವರ ಅನ್ನಕ್ಕೆ ಕಲ್ಲು ಹಾಕುವ ಮನಸ್ಸೂ ನನಗಿಲ್ಲ.

ಶನಿವಾರ ಬೆಳಿಗ್ಗೆ. ಅಲ್ಲಿ ಮಧ್ಯಾಹ್ನ. ನಮ್ಮ ಕಡೆ ಪೈನ್ ಮರಗಳ ಪರಾಗ ಉದುರುವ ಕಾಲ. ಹಿತ್ತಿಲ ಮರದ ಜಗುಲಿಯಂಥ ಡೆಕ್, ಕಾರು, ಕಿಟಕಿ ಎಲ್ಲದರ ಮೇಲೂ ಅರಿಸಿನ ಚೆಲ್ಲಿದಂತೆ ಹಳದಿ ಪುಡಿ. ಅಡುಗೆಮನೆಯ ತುಂಬ ಬಿಸಿಲಿತ್ತು. ಪ್ರಸಾದ್‌ಗೆ ಆಫೀಸಿನ ಏನೋ ಸಾಫ್ಟ್‌ವೇರ್ ರಿಲೀಸ್ ಕೆಲಸವಿತ್ತು, ಪಕ್ಕದ ಕೋಣೆಯಲ್ಲಿ ಕೂತಿದ್ದರು. ನಾನು ಕೌಂಟರ್ ಹತ್ತಿರ ಸ್ಟೂಲ್ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ಮೇಘನಾ ಫೋನನ್ನು ಹಣ್ಣಿನ ಬುಟ್ಟಿಗೆ ಒರಗಿಸಿ ನಿಲ್ಲಿಸಿ, ಚೆನ್ನಾಗಿ ಕೇಳಿಸಲಿ ಎಂದು ಫ್ರಿಜ್ ಮೇಲಿದ್ದ ಸ್ಪೀಕರ್‌ಗೆ ಕನೆಕ್ಟ್ ಮಾಡಿದಳು.

ಮನೆಯೊಡತಿ ಫೋನ್ ಹಿಡಿದುಕೊಂಡು ಒಂದೊಂದೇ ಕೋಣೆ ತೋರಿಸಿದರು. ಒಲೆ ಚೆನ್ನಾಗಿತ್ತು. ನಾಲ್ಕು ಬರ್ನರ್, ದೊಡ್ಡ ಪಾತ್ರೆಗಳು. ಬೆಂಕಿಗೂಡಿನ ಮುಂದೆ ಎರಡು ಹಳೆಯ ಕುರ್ಚಿ. ತಲೆಗೆ ತಾಗುವಂಥ ಕಪ್ಪು ತೊಲೆಗಳು. ಆಮೇಲೆ ಅವರು ಕಿರಿದಾದ ಮೆಟ್ಟಿಲು ಹತ್ತಿದರು. ಮೇಲೆ ಎರಡು ಮಲಗುವ ಕೋಣೆ, ನಡುವೆ ಓಣಿಯಂಥ ಒಂದು ಸಣ್ಣ ಹಾದಿ. ಓಣಿಯ ಕೊನೆಯಲ್ಲಿ ಹಲಗೆಯ ಒಂದು ಗಿಡ್ಡ ಬಾಗಿಲು. ಅವರು ಮೊದಲನೆಯ ಕೋಣೆಯ ಕಿಟಕಿಯಿಂದ ಹೊಳೆ ತೋರಿಸಿ, ಹೊರಗೆ ಬಂದು, ಓಣಿಯಲ್ಲಿ ಎರಡು ಹೆಜ್ಜೆ ಇಟ್ಟಿರಬೇಕು. ಆಗ ಸ್ಪೀಕರ್‌ನಲ್ಲಿ ಒಂದು ಹೆಂಗಸಿನ ದನಿ ಕೇಳಿತು.

“ರೀ, ಬಾಗಿಲು ತೆಗೀರಿ. ನಾನು ಇಲ್ಲೇ ಇದೀನಿ.”

ಅಷ್ಟೆ. ಕಿರುಚಲಿಲ್ಲ, ಪಿಸುಗುಟ್ಟಲಿಲ್ಲ. ನಮ್ಮ ಕಡೆಯ ಯಾವುದೇ ಹೆಂಗಸು ಗಂಡನನ್ನು ಕರೆಯುವ ಹಾಗೆ, ಸ್ವಲ್ಪ ಆಯಾಸದಿಂದ, ತುಂಬ ಹೊತ್ತಿನಿಂದ ಅದನ್ನೇ ಹೇಳುತ್ತಿರುವವರ ಹಾಗೆ. ಯಾರ ದನಿಯೋ ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಬೇರೆ ಕನ್ನಡದವರು ಉಳಿದಿದ್ದಾರೆ ಎಂದೇ ನನಗೆ ಮೊದಲು ಅನ್ನಿಸಿದ್ದು. ಬಾಯಲ್ಲಿ ಉಪ್ಪಿಟ್ಟು ಇತ್ತು. ನುಂಗಿ, ಯಾರವರು ಎಂದು ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಪಕ್ಕದ ಕೋಣೆಯಿಂದ ಪ್ರಸಾದ್ “ಬಂದೆ” ಎಂದರು.

ಕುರ್ಚಿ ಸರಿದ ಸದ್ದು. ಅವರು ಅಡುಗೆಮನೆಗೆ ಬರಲಿಲ್ಲ. ನೇರವಾಗಿ ಗರಾಜಿನಿಂದ ಮನೆಯೊಳಗೆ ಬರುವ ಬಾಗಿಲಿನ ಕಡೆಗೆ ಹೋದರು. ಅಂಗಡಿಯಿಂದ ಎರಡು ಕೈಯಲ್ಲೂ ಸಾಮಾನು ಹಿಡಿದು ಬಂದಾಗ ನಾನು ಆ ಬಾಗಿಲಿನ ಹೊರಗೆ ನಿಂತು ಹಾಗೆ ಕೂಗುವುದುಂಟು. ಅವರು ಚಿಲಕ ತೆಗೆದದ್ದು ಕೇಳಿತು. ಆಮೇಲೆ ಅಡುಗೆಮನೆಗೆ ಬಂದು, ತಟ್ಟೆ ಹಿಡಿದು ಸ್ಟೂಲ್ ಮೇಲೆ ಕೂತಿದ್ದ ನನ್ನನ್ನು ನೋಡಿ ನಿಂತರು.

“ಇಲ್ಲೇ ಇದೀಯಲ್ಲ. ಯಾವ ಬಾಗಿಲು ತೆಗಿ ಅಂದೆ?”

ನಾನು ಏನೂ ಅನ್ನಲಿಲ್ಲ ಎಂದೆ. ಈಗ ತಾನೇ ಕರೆದೆಯಲ್ಲ ಎಂದರು. ಮೇಘನಾ ಫೋನಿನಿಂದ ಕಣ್ಣು ತೆಗೆಯದೆ ಹೇಳಿದಳು.

“ಅಮ್ಮ ಏನೂ ಹೇಳಿಲ್ಲ ಅಪ್ಪಾ. ಇಟ್ ಕೇಮ್ ಫ್ರಮ್ ದೇರ್.”

ಪರದೆಯಲ್ಲಿ ಚಿತ್ರ ಅಲುಗಾಡದೆ ನಿಂತಿತ್ತು. ಮನೆಯೊಡತಿ ಓಣಿಯಲ್ಲಿ ಹಾಗೆಯೇ ನಿಂತುಬಿಟ್ಟಿದ್ದರು. ಒಂದು ಕ್ಷಣದ ಮೇಲೆ ಅವರು, ಕ್ಷಮಿಸಿ, ನೀವು ನನಗೇನಾದರೂ ಹೇಳಿದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ ಎಂದೆ. ನಿಮ್ಮ ಭಾಷೆಯಲ್ಲಿ ಏನೋ ಹೇಳಿದ ಹಾಗಾಯಿತು ಎಂದರು. ನಿಮ್ಮ ಮನೆಯಲ್ಲಿ ಯಾರಾದರೂ ಇಂಡಿಯಾದವರು ಇದ್ದಾರೆಯೇ ಎಂದು ನಾನು ಕೇಳಿದೆ. ಯಾರೂ ಇಲ್ಲ, ಚಳಿಗಾಲದಿಂದ ಮನೆ ಖಾಲಿಯೇ ಇದೆ, ಈ ಸೀಸನ್ನಿಗೆ ಮೊದಲು ಬರುವವರು ನೀವೇ ಎಂದರು. ಓಣಿಯ ಕೊನೆಯ ಬಾಗಿಲು ಯಾವುದು ಎಂದೆ. ಹಾಸಿಗೆ ಬಟ್ಟೆ ಇಡುವ ಕಪಾಟು, ತೇವಕ್ಕೆ ಮರ ಉಬ್ಬಿ ಬಿಗಿದುಕೊಂಡಿದೆ, ನೀವು ಬರುವ ಹೊತ್ತಿಗೆ ಸರಿ ಮಾಡಿಸುತ್ತೇನೆ ಎಂದರು. ಹಾಗೆ ಹೇಳಿ ಆ ಕಡೆ ಹೋಗದೆ ಮೆಟ್ಟಿಲು ಇಳಿದರು. ಎರಡನೆಯ ಕೋಣೆಯನ್ನು ತೋರಿಸಲೇ ಇಲ್ಲ. ನಾನೂ ಕೇಳಲಿಲ್ಲ.

ಪ್ರಸಾದ್ ಅದನ್ನು ಎಕೋ ಎಂದರು. ಇಂಥ ಕಾಲ್‌ಗಳಲ್ಲಿ ನಾವು ಆಡಿದ ಮಾತು ಆ ಕಡೆ ಹೋಗಿ ತಡವಾಗಿ ನಮಗೇ ವಾಪಸ್ ಬರುತ್ತದಂತೆ. ಆದರೆ ವಾಪಸ್ ಬರಲು ಮೊದಲು ಆಡಿರಬೇಕಲ್ಲ. ಆಡಿ ಮರೆತಿದ್ದೀಯ ಎಂದರು. ಮೇಘನಾಳನ್ನು ಮತ್ತೆ ಕೇಳಿದೆ. ಅವಳು ಅದೇ ಮಾತು ಹೇಳಿದಳು, ಜೊತೆಗೆ ಇನ್ನೊಂದನ್ನೂ ಸೇರಿಸಿದಳು. ಅದು ನಿನ್ನ ಥರಾನೇ ಇತ್ತು ಅಮ್ಮಾ, ಎಂದಳು. ನನಗೆ ಸಿಟ್ಟು ಬಂತು. ನನ್ನ ದನಿ ನನಗೆ ಗೊತ್ತಿಲ್ಲವೇ? ಅದು ಬೇರೆ ಯಾರೋ, ನನಗಿಂತ ವಯಸ್ಸಾದವರು ಎಂದೆ.

ಮಾರನೆಯ ದಿನ ತರಕಾರಿ ತರಲು ಹೋದಾಗ ಅಂಗಡಿಯ ಪಾರ್ಕಿಂಗ್‌ನಲ್ಲಿ ಕಾರಿನ ಕಿಟಕಿಗಳನ್ನು ಏರಿಸಿ ಕೂತೆ. ಫೋನಿನಲ್ಲಿ ರೆಕಾರ್ಡ್ ಒತ್ತಿ, ಆ ಎರಡು ಮಾತನ್ನು ಹೇಳಿದೆ. ಹೇಳುವಾಗ ನನ್ನ ಬಗ್ಗೆ ನನಗೇ ನಗು ಬಂತು. ಲ್ಯಾಬಿನಲ್ಲಿ ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತಿದ್ದೆ, ಇನ್ನೊಮ್ಮೆ ಪರೀಕ್ಷೆ. ಆಮೇಲೆ ಅದನ್ನು ಹಾಕಿ ಕೇಳಿದೆ.

ನಮ್ಮ ದನಿ ನಮ್ಮ ತಲೆಯೊಳಗಿನಿಂದ ಕೇಳುವುದೇ ಬೇರೆ, ಹೊರಗಿನಿಂದ ಕೇಳುವುದೇ ಬೇರೆ ಎಂಬುದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅದು ತಿಳುವಳಿಕೆಯಾಗಿ ಉಳಿಯಲಿಲ್ಲ. ಫೋನಿನಿಂದ ಬಂದದ್ದು ಹಿಂದಿನ ದಿನ ಕೇಳಿದ ಅದೇ ಹೆಂಗಸಿನ ದನಿ. “ರೀ” ಎನ್ನುವಾಗ ಅದೇ ಎಳೆತ, “ಇಲ್ಲೇ” ಎನ್ನುವಲ್ಲಿ ಅದೇ ಒತ್ತು. ಕಾರಿನಲ್ಲಿ ಆಡಿದ್ದರಲ್ಲಿ ಆಯಾಸ ಇರಲಿಲ್ಲ, ವ್ಯತ್ಯಾಸ ಅಷ್ಟೆ. ನಾನು ರೆಕಾರ್ಡಿಂಗ್ ಅಳಿಸಿದೆ. ತರಕಾರಿ ತೆಗೆದುಕೊಳ್ಳದೆಯೇ ಮನೆಗೆ ಬಂದೆ. ಗರಾಜಿಗೆ ಬಂದು, ಆ ಬಾಗಿಲನ್ನು ನಾನೇ ಕೀಲಿಕೈಯಿಂದ ತೆರೆದುಕೊಂಡು ಒಳಗೆ ಹೋದೆ.

ಆ ಸಂಜೆ ಪ್ರಸಾದ್‌ಗೆ ಹೇಳಿದೆ, ಬೇರೆ ಮನೆ ನೋಡೋಣ ಎಂದು. ಅವರು ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಡೆಕ್ ಮೇಲಿನ ಕುರ್ಚಿಯ ಹಳದಿ ಪುಡಿಯನ್ನು ಬೆರಳಿನಿಂದ ಒರೆಸುತ್ತ ಹೇಳಿದರು.

“ಅಮ್ಮ ಹೋದಾಗ ನಾನು, ರೋಹಿಣಿ ಒಂದೇ ಕೋಣೇಲಿ ಕೂತು ಅಳೋಕೂ ಆಗಲಿಲ್ಲ ಕಣೇ. ಅವಳು ಇದೊಂದು ಕೇಳಿದಾಳೆ. ಒಂದು ಎಕೋಗೋಸ್ಕರ ಬೇಡ ಅಂತ ಹೆಂಗೆ ಹೇಳ್ಲಿ?”

ಅವರು ಹೇಳಿದ್ದು ಸರಿಯೇ. ಆದರೆ ಆ ಮನೆಗೆ ಕಾಲಿಡುವುದು ನನ್ನಿಂದಾಗದು ಎಂಬುದು ಮಾತ್ರ ಗೊತ್ತಿತ್ತು. ಯಾರನ್ನು ಕಂಡರೆ ಭಯ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಮನೆಯಲ್ಲಿ ದೆವ್ವ ಇದೆ ಎಂದಾದರೆ ಹೋಗದಿದ್ದರೆ ಮುಗಿಯಿತು. ನಾನೇ ಅಲ್ಲಿದ್ದೇನೆ ಎಂದಾದರೆ ಏನು ಮಾಡುವುದು? ಆ ವಾರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮನೆಯಲ್ಲಿ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ, ಹತ್ತಿರ ಹೋಗಿಯೇ ಮಾತಾಡುತ್ತಿದ್ದೆ. ಪ್ರಸಾದ್ ಕೂಡ, ನಾನು ಕರೆದರೆ ಮೊದಲಿನ ಹಾಗೆ ಥಟ್ಟನೆ “ಬಂದೆ” ಅನ್ನುತ್ತಿರಲಿಲ್ಲ. ತಲೆಯೆತ್ತಿ ನಾನೆಲ್ಲಿದ್ದೇನೆಂದು ನೋಡಿ ಆಮೇಲೆ ಏಳುತ್ತಿದ್ದರು. ಎಕೋ ಎಂದವರೂ ಅವರೇ.

ಕೊನೆಗೆ ನಾನೇ ರೋಹಿಣಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ನಗಲಿಲ್ಲ, ಆದರೆ ಡಾಕ್ಟರ ಹಾಗೆ ಕೇಳಿಸಿಕೊಂಡಳು. ನಿದ್ದೆ ಸರಿಯಾಗಿ ಬರುತ್ತಿದೆಯೇ, ಅತ್ತೆ ಹೋದ ಮೇಲೆ ನೀವು ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಿದ್ದೀರಾ ಎಂದು ವಿಚಾರಿಸಿದಳು. ಆಮೇಲೆ, ನನಗೆ ಆ ಊರು ಒಂದೂವರೆ ಗಂಟೆ ದಾರಿ, ಭಾನುವಾರ ಹೋಗಿ ಮನೆಯೊಳಗೆಲ್ಲ ಓಡಾಡಿ, ಅಲ್ಲಿಂದಲೇ ನಿಮಗೆ ಫೋನ್ ಮಾಡ್ತೀನಿ, ನಿಮ್ಮ ಭಯ ಹೋಗುತ್ತೆ ಎಂದಳು. ನನಗೆ ಹಗುರವಾಯಿತು. ರೋಹಿಣಿ ನನಗಿಂತ ಗಟ್ಟಿ. ಕಣ್ಣೆದುರೇ ಎಷ್ಟೋ ಸಾವು ಕಂಡವಳು.

ಭಾನುವಾರ ಅವಳ ಫೋನ್ ಬರಲೇ ಇಲ್ಲ. ನಾನು ಮಾಡಿದರೆ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ, ಅವಳು ತನ್ನ ಮನೆ ಸೇರಿದ ಮೇಲೆ ಇರಬೇಕು, ಪ್ರಸಾದ್‌ಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಮನೆ ಚೆನ್ನಾಗಿದೆ ಎಂದಳು. ಹೊಳೆ, ತೋಟ ಎಲ್ಲ ಚೆನ್ನಾಗಿದೆ. ಆದರೆ ಬೇಡ ಅಣ್ಣ, ನಮ್ಮ ಮನೆಗೇ ಬಂದುಬಿಡಿ, ನಾನು ರಜೆ ಹಾಕ್ತೀನಿ, ಫೋನ್ ಆಫ್ ಮಾಡಿ ಇಡ್ತೀನಿ ಎಂದಳು. ಯಾಕೆ ಎಂದು ಪ್ರಸಾದ್ ಎರಡು ಮೂರು ಸಲ ಕೇಳಿದರು. ಸುಮ್ಮನೆ, ಎಂದಳು. ಆಮೇಲೆ, ಅತ್ತಿಗೆ ಹತ್ತಿರ ಇದಾರಾ, ಒಂದು ಸಲ ಮಾತಾಡಿಸಿ ಎಂದಳು. ನಾನು ಫೋನ್ ತೆಗೆದುಕೊಂಡು ಹಲೋ ಎಂದೆ. ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ಇನ್ನೊಮ್ಮೆ ಹಲೋ ಎಂದ ಮೇಲೆ, ಸರಿ ಅತ್ತಿಗೆ, ಆಮೇಲೆ ಮಾತಾಡೋಣ ಎಂದು ಇಟ್ಟುಬಿಟ್ಟಳು.

ಬುಕಿಂಗ್ ರದ್ದು ಮಾಡಿದೆವು. ಮನೆಯೊಡತಿ ಕಾರಣ ಕೇಳಲಿಲ್ಲ.

ಆ ವಾರಾಂತ್ಯವನ್ನು ಬರ್ಮಿಂಗ್‌ಹ್ಯಾಮ್‌ನಲ್ಲಿ, ರೋಹಿಣಿಯ ಇಕ್ಕಟ್ಟಾದ ಮನೆಯಲ್ಲಿ ಕಳೆದೆವು. ಕೋಟೆ ನೋಡಲಿಲ್ಲ, ಮಠ ನೋಡಲಿಲ್ಲ. ಮೊದಲ ದಿನ ಅಣ್ಣ ತಂಗಿ ಇಬ್ಬರೂ ಸೋಫಾದ ಮೇಲೆ ಕೂತು ಅವರಮ್ಮನ ಮಾತು ಶುರು ಮಾಡಿ, ನಗುತ್ತ ನಗುತ್ತಲೇ ಅತ್ತರು. ಮೇಘನಾ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು. ನಾನು ಅವಳನ್ನು ಕರೆದುಕೊಂಡು ಹೊರಗೆ ಹೋದೆ. ಬಂದ ಉದ್ದೇಶ ಅಷ್ಟರಮಟ್ಟಿಗೆ ಈಡೇರಿತು.

ಎರಡನೆಯ ದಿನ ಊಟವಾದ ಮೇಲೆ ಅಪ್ಪ ಮಗಳು ಕಾಲುವೆಯ ದಂಡೆಗೆ ತಿರುಗಾಡಲು ಹೋದರು. ನಾನು ಪಾತ್ರೆ ತೊಳೆಯುತ್ತಿದ್ದೆ, ರೋಹಿಣಿ ಪಕ್ಕದಲ್ಲಿ ನಿಂತು ಒರೆಸುತ್ತಿದ್ದಳು. ಬಂದಾಗಿನಿಂದ ಅವಳು ನನ್ನನ್ನು ಆಗಾಗ ನೋಡುತ್ತಿದ್ದುದನ್ನು ಗಮನಿಸಿದ್ದೆ. ಕೇಳದೇ ಇರಲಾಗಲಿಲ್ಲ. ಆ ಮನೆಯಲ್ಲಿ ಏನಾಯಿತು ಎಂದೆ. ಅವಳು ಒಂದೇ ತಟ್ಟೆಯನ್ನು ಎರಡು ಸಲ ಒರೆಸಿದಳು. ಆಮೇಲೆ ಹೇಳಿದಳು. ಮನೆಯೊಡತಿ ಕೆಳಗೆ ಅಡುಗೆಮನೆಯಲ್ಲಿ ಟೀ ಮಾಡುತ್ತಿದ್ದರಂತೆ. ಇವಳೊಬ್ಬಳೇ ಮೇಲೆ ಹೋದಳಂತೆ, ನನಗೆ ಫೋನ್ ಮಾಡಲು. ಫೋನ್ ಕೈಯಲ್ಲಿತ್ತು, ಇನ್ನೂ ನಂಬರ್ ಒತ್ತಿರಲಿಲ್ಲವಂತೆ.

“ನೀವು ಕರೆದ್ರಿ ಅತ್ತಿಗೆ. ಆ ಕಪಾಟಿನ ಒಳಗಿಂದ.”

“ಅದೇ ಮಾತಾ?”

“ಇಲ್ಲ. ನನ್ನ ಹೆಸರು ಹಿಡಿದು ಕರೆದ್ರಿ.”

ನಲ್ಲಿ ನಿಲ್ಲಿಸಿ, ನೀನೇನು ಮಾಡಿದೆ ಎಂದು ಕೇಳಿದೆ.

“ತೆಗೆದೆ. ತುಂಬ ಬಿಗಿಯಾಗಿತ್ತು, ಎರಡೂ ಕೈಯಲ್ಲಿ ಎಳೆದೆ. ಒಳಗೆ ಬೆಡ್‌ಶೀಟು, ಕಂಬಳಿ. ಇನ್ನೇನೂ ಇರಲಿಲ್ಲ.” ತಟ್ಟೆಯನ್ನು ಕೆಳಗಿಟ್ಟಳು. “ಆದ್ರೆ ಆಮೇಲೆ ಅದನ್ನ ಮುಚ್ಚೋಕೆ ನನಗೆ ಧೈರ್ಯ ಬರಲಿಲ್ಲ. ನೀವು ಒಳಗೇ ಉಳಿದುಬಿಟ್ರೆ ಅನ್ನಿಸ್ತು. ಹಂಗೇ ತೆರೆದಿಟ್ಟು ಬಂದೆ.”

ಇಷ್ಟು ಹೇಳಿ ಅವಳು ನನ್ನ ಒದ್ದೆ ಕೈಯನ್ನು ಹಿಡಿದುಕೊಂಡಳು. ಸಮಾಧಾನ ಮಾಡಲು ಹಿಡಿದಳೋ, ನಾಡಿ ನೋಡಲು ಹಿಡಿದಳೋ ತಿಳಿಯಲಿಲ್ಲ. ಆಮೇಲೆ ಆ ಮಾತನ್ನು ನಾವಿಬ್ಬರೂ ಎತ್ತಿಲ್ಲ. ಪ್ರಸಾದ್‌ಗೆ ಇದು ಇಂದಿಗೂ ಗೊತ್ತಿಲ್ಲ, ಇದನ್ನು ಓದಿದರೆ ಮಾತ್ರ ಗೊತ್ತಾಗಬೇಕು.

ಇದಕ್ಕೆಲ್ಲ ಅರ್ಥವೇನು ಎಂದು ಕೇಳಿದರೆ ನಾನು ಹೇಳಲಾರೆ. ಒಬ್ಬರಿಗೆ ಭ್ರಮೆ ಎನ್ನಬಹುದು. ಗಂಡ, ಮಗಳು, ಆರು ಸಾವಿರ ಕಿಲೋಮೀಟರ್ ಆಚೆಯ ಇಂಗ್ಲಿಷ್ ಹೆಂಗಸು, ಡಾಕ್ಟರಾದ ನಾದಿನಿ, ಇವರೆಲ್ಲರಿಗೂ ಒಟ್ಟಿಗೆ ಭ್ರಮೆಯಾಯಿತು ಎನ್ನಲು ನಾಲಿಗೆ ಏಳುವುದಿಲ್ಲ. ಹಾಗೆಂದು ಈಗ ನಾನು ದೆವ್ವ ನಂಬುತ್ತೇನೆಯೇ ಎಂದರೆ ಅದೂ ಇಲ್ಲ. ಸತ್ತವರು ದೆವ್ವವಾಗುತ್ತಾರೆ ಅನ್ನುತ್ತಾರೆ. ನಾನು ಬದುಕಿದ್ದೇನೆ, ಲ್ಯಾಬಿಗೆ ಹೋಗುತ್ತೇನೆ, ಅಡುಗೆ ಮಾಡುತ್ತೇನೆ.

ರೋಹಿಣಿ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಅಣ್ಣನ ಆರೋಗ್ಯ, ಮೇಘನಾಳ ಓದು, ಎಲ್ಲ ಮಾತಾಡುತ್ತೇವೆ. ಇಡುವ ಮೊದಲು ಪ್ರತಿ ಸಲವೂ, ಏನೋ ನೆನಪಾದವಳ ಹಾಗೆ, “ಅತ್ತಿಗೆ, ನೀವು ಮನೇಲೇ ಇದೀರಾ ತಾನೆ?” ಎಂದು ಕೇಳುತ್ತಾಳೆ. ಇದ್ದೇನೆ ಎನ್ನುತ್ತೇನೆ. ಹಾಗೆ ಹೇಳುವ ಮೊದಲು ಸುತ್ತ ಒಮ್ಮೆ ಕಣ್ಣು ಹಾಯಿಸಿ ನೋಡಿಕೊಳ್ಳುತ್ತೇನೆ.